ತಿಮ್ಮಕ್ಕನ ಎಡಗಣ್ಣು

"ಮುಖ ಆಚೆ ತಿರಗ್ಸೆ, ರಂಡೆ! ಬೋಟಿಗೆ ಬಣ್ಣ ಹೊಡೀತಿದ್ರೆ ಕಣ್ಣು ಬಿಟ್ಕಂಡು ನೋಡ್ತ್ಯಾ!"

ಬೋಟಿನ ಒಡೆಯ ಭಾಸ್ಕರ ಸಾವ್ಕಾರ್ರು ಬೈದದ್ದು ತಿಮ್ಮಕ್ಕನಿಗೆ. ತದಡಿ ಬಂದರಿನಲ್ಲಿ ಬೋಟು ತಾಗುವ ದಕ್ಕೆಯ ಮೇಲೆ ನಾವು ಹೆಂಗಸರು ಕಾಲು ಚಾಚಿ ಕೂತು ಮೀನಿನ ಕ್ರೇಟು ತಿಕ್ಕುತ್ತಿದ್ದೆವು. ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದು ಬೋಟುಗಳು ಮತ್ತೆ ಕಡಲಿಗೆ ಹೊರಡುವ ಸಮಯ. ತಿಮ್ಮಕ್ಕ ಬೋಟನ್ನು ನೋಡಿರಲೇ ಇಲ್ಲ. ಬಿಸಿಲು ಕಣ್ಣಿಗೆ ಚುಚ್ಚುತ್ತದೆಂದು ಸೆರಗು ಹಣೆಗೆಳೆದು ಬೋಟಿನ ಬದಿಗೆ ತಿರುಗಿದ್ದಳು, ಅಷ್ಟೇ. ಆದರೆ ಅವಳ ಎಡಗಣ್ಣು ಕೆಂಪಗಿತ್ತು. ಹೊರಡುವ ಬೋಟಿನ ಮೇಲೆ ಕೆಂಪು ಕಣ್ಣು ಬಿದ್ದರೆ ಆ ವರ್ಷ ಬಲೆಗೆ ಮೀನಿಲ್ಲ ಎನ್ನುವುದು ನಮ್ಮ ದಕ್ಕೆಯ ನಂಬಿಕೆ. ನಮ್ಮ ಅಜ್ಜಿಯಂದಿರೂ ನಂಬಿದ್ದರು, ನಾವೂ ನಂಬಿದ್ದೆವು.

ಆ ಕಣ್ಣು ಸುಮ್ಮನೆ ಕೆಂಪಾದದ್ದಲ್ಲ. ಬೋಟು ದಕ್ಕೆಗೆ ಉಜ್ಜದಂತೆ ಪಕ್ಕಕ್ಕೆ ಹಳೇ ಲಾರಿ ಟಯರು ಕಟ್ಟುತ್ತಾರೆ. ಬಂದ್ ಶುರುವಾದಾಗ ಸಾವ್ಕಾರ್ರು ಅವನ್ನು ಬಿಚ್ಚಿಸಿ ನಾವಿರುವ ಶೆಡ್ಡಿನ ಹಿಂದೆ ರಾಶಿ ಹಾಕಿಸಿದ್ದರು. ಮಳೆನೀರು ನಿಂತಿತು, ಹುಳ ಆಡಿದವು, ಸೊಳ್ಳೆ ಎದ್ದವು. ಚೆಲ್ಲಲು ಹೋದರೆ "ಬೋಟಿನ ಸಾಮಾನು ಹೆಂಗಸ್ರು ಮುಟ್ಟೂದಲ್ಲ" ಎಂದು ಅಟ್ಟಿದರು. ಶೆಡ್ಡಿನವರೆಲ್ಲ ಚಿಕೂನ್‌ಗುನ್ಯಾ ಹತ್ತಿ ಮಲಗಿದೆವು. ಗಂಟುಗಂಟು ಹಿಡಿದು ಹೇಲಲು ಕೂರುವುದಕ್ಕೂ ಆಗದೆ ಅತ್ತೆವು. ಸಾವ್ಕಾರ್ರ ಮನೆಯ ಕಿಟಕಿಗೆ ಜಾಳಿಗೆ ಇದೆ, ಅವರಿಗೆ ಏನೂ ಆಗಲಿಲ್ಲ.

ಜ್ವರ ಬಿಟ್ಟು ಎಷ್ಟೋ ದಿನವಾದ ಮೇಲೆ ತಿಮ್ಮಕ್ಕನ ಕಣ್ಣು ಕೆಂಪಾಯಿತು. ಊರಲ್ಲೆಲ್ಲ ಬರುವ ಕೆಂಗಣ್ಣೇ ಎಂದುಕೊಂಡು ನೆರೆಮನೆಯ ಬಾಳಂತಿಯ ಎದೆಹಾಲು ಬಿಟ್ಟೆವು. ಕಣ್ಣು ಮಂಜಾಯಿತು. ಕುಮಟೆಯ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಇದು ಅಂಟುವ ಕೆಂಗಣ್ಣಲ್ಲ, ಆ ಜ್ವರದಿಂದಲೇ ಕಣ್ಣಿನ ಒಳಗೆ ಊತ ಬಂದಿದೆ, ಬೇಗ ಮಂಗಳೂರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸದಿದ್ದರೆ ಕಣ್ಣೇ ಹೋಗುತ್ತದೆ ಎಂದರು.

ಮಂಗಳೂರಿಗೆ ಹೋಗುವುದನ್ನೇ ತಿಮ್ಮಕ್ಕ ಈಗ ದಕ್ಕೆಯ ಮೇಲೆ ಕೇಳಿದಳು. "ಸಾವ್ಕಾರ್ರೇ, ನಿಮ್ಮ ಪಿಕಪ್ಪು ಮಂಗ್ಳೂರಿಗೆ ಹೋಗ್ತದಲ, ನನ್ನೂ ಕೂರ್ಸ್ಕಣಿ. ಬಸ್ಸು ಹತ್ತೂಕೆ ಮೊಣಕಾಲು ಬಗ್ಗೂದಿಲ್ಲ."

"ನಿನ್ನ ಕೂರ್ಸ್ಕಂಡ್ರೆ ಡ್ರೈವರಿಗೂ ಅಂಟ್ತದೆ. ಇವ್ಳನ್ನ ಯಾರೂ ಮುಟ್ಬೇಡ್ರೋ!"

"ಅಂಟೂದಲ್ಲ ಅಂದ್ರು ಡಾಕ್ಟ್ರು. ನಿಮ್ಮ ಟಯರಿನ ಸೊಳ್ಳೆಯಿಂದ ಬಂದದ್ದು."

"ಟಯರು ನಂದು. ಸೊಳ್ಳೆ ನಂದಲ್ಲ!"

ಬೋಟಿನ ಮೇಲಿದ್ದ ಗಂಡಸರು ನಕ್ಕರು.

"ನಾಳೆ ಪೂಜೆ. ಈ ಬದಿಗೆ ಬಂದ್ರೆ ಕಾಲು ಮುರೀತೆ" ಎಂದು ಸಾವ್ಕಾರ್ರು ಹೋದರು. ತಿಮ್ಮಕ್ಕ ಮತ್ತೆ ಕ್ರೇಟು ತಿಕ್ಕತೊಡಗಿದಳು. ತಿಕ್ಕುತ್ತಲೇ ನನ್ನತ್ತ ಬಾಗಿ, "ಜಯಶ್ರೀ, ನಾಳೆ ನಂಗೆ ನಿನ್ನ ಹೆಗಲು ಕೊಡು" ಎಂದಳು.

ಮರುದಿನ ಭಟ್ಟರು ಬೋಟಿಗೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದಾಗ ತಿಮ್ಮಕ್ಕ ನನ್ನ ಹೆಗಲು ಹಿಡಿದು ದಕ್ಕೆಯ ಅಂಚಿಗೆ ಬಂದಳು. ಸೆರಗು ಸರಿಸಿದಳು. ಬಿಸಿಲಿಗೆ ಕಣ್ಣು ತೆರೆದು ಬೋಟಿನತ್ತ ನೋಡಿದಳು.

ಭಟ್ಟರ ಮಂತ್ರ ನಿಂತಿತು. ಬೋಟು ನಡೆಸುವ ತಾಂಡೇಲ ಮಾಬ್ಲ ಚಕ್ರದಿಂದ ಕೈ ತೆಗೆದ. "ಸಾವ್ಕಾರ್ರೇ, ಅವ್ಳು ನೋಡ್ತಾ ಇರೂವರೆಗೆ ನಾ ಇಂಜಿನ್ ಚಾಲು ಮಾಡೂದಿಲ್ಲ."

"ಎಳ್ದಾಕ್ರೋ ಆ ಬೋಳೀನ!"

ಒಬ್ಬನೂ ಬರಲಿಲ್ಲ. ಮುಟ್ಟಿದರೆ ಅಂಟುತ್ತದೆ ಎಂದು ಅವರಿಗೆ ಹೇಳಿಕೊಟ್ಟವರು ಸಾವ್ಕಾರ್ರೇ.

"ಈ ಕಣ್ಣಿಗೆ ನನ್ನ ಕೈಬೆರಳೇ ಕಾಣೂದಿಲ್ಲ" ಎಂದಳು ತಿಮ್ಮಕ್ಕ. "ನಿಮ್ಮ ಬೋಟು ಬರೀ ಹೊಗೆ ಕಂಡಾಂಗೆ ಕಾಣ್ತದೆ. ಇದಕ್ಕೆ ಹೆದರ್ತ್ರಿ? ಹೆದ್ರಿ. ಕಣ್ಣು ಗುಣ ಮಾಡ್ಸಿ, ಆಮೇಲೆ ಮುಚ್ತೆ."

ನಾನು ಅವಳ ಪಕ್ಕದಲ್ಲೇ ನಿಂತೆ. ನಮ್ಮ ಜೊತೆ ಕ್ರೇಟು ತಿಕ್ಕುವ ವೀಣಾ ಬಂದಳು. ಗಂಟುನೋವಿನಲ್ಲಿ ಕುಂಟುತ್ತ ಶೆಡ್ಡಿನವರೆಲ್ಲ ಬಂದು ಸಾಲಾಗಿ ನಿಂತರು. ನಮ್ಮ ಕಣ್ಣು ಕೆಂಪಿರಲಿಲ್ಲ. ಆದರೂ ನೋಡಿದೆವು. ಹೆದರಿಕೆಯೂ ಇತ್ತು, ಸುಳ್ಳು ಹೇಳುವುದಿಲ್ಲ. ಹೆದರಿಕೊಂಡೇ ನೋಡಿದೆವು.

ನೀರು ಇಳಿಯತೊಡಗಿತ್ತು. ಉಬ್ಬರ ಇರುವಾಗಲೇ ಹೊಳೆ ಕಡಲು ಸೇರುವ ಅಳಿವೆ ದಾಟದಿದ್ದರೆ ಆ ಬೋಟಿಗೆ ಇವತ್ತು ಕಡಲಿಲ್ಲ. ಅಕ್ಕಪಕ್ಕದ ಬೋಟುಗಳು ಒಂದೊಂದೇ ಹೊರಟವು. ಮಾಬ್ಲ ಬೀಡಿ ಹಚ್ಚಿದ.

"ತಿಮ್ಮಕ್ಕಾ" ಎಂದರು ಸಾವ್ಕಾರ್ರು. ಆ ಬಾಯಲ್ಲಿ 'ಅಕ್ಕ' ಎಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಪಿಕಪ್ಪು ಕೊಡ್ತೆ, ಆತಾ? ನೀ ಮೊದ್ಲು ಆಚೆ ತಿರ್ಗು."

"ಪಿಕಪ್ಪು ಇಲ್ಲಿಗೆ ಬರ್ಲಿ. ಶೆಡ್ಡಿನ ಹಿಂದೆ ಉಳ್ದ ಟಯರಿನ ನೀರು ನೀವೇ ಚೆಲ್ಲಿ. ಅಲ್ಲೀವರೆಗೆ ನಾ ನೋಡ್ತಾನೇ ಇರ್ತೆ."

ಸಾವ್ಕಾರ್ರು ಬೋಟು ನೋಡಿದರು, ಅಳಿವೆ ನೋಡಿದರು, ಬಿಳೀ ಪಂಚೆ ನೋಡಿಕೊಂಡರು. ತಿಮ್ಮಕ್ಕನ ಕಣ್ಣಿಂದ ನೀರು ಸುರಿದು ರವಿಕೆ ಒದ್ದೆಯಾಗಿತ್ತು. ಅವಳ ಬೆರಳು ನನ್ನ ಹೆಗಲ ಮೂಳೆಗೆ ನಾಟುತ್ತಿದ್ದವು. ರೆಪ್ಪೆ ಮಾತ್ರ ಮುಚ್ಚಲಿಲ್ಲ.

ದಕ್ಕೆಯ ಕಲ್ಲಿನ ಮೇಲೆ ಪಾಚಿಯ ಗೆರೆ ಕಾಣಿಸಿತು. ನೀರು ಇನ್ನೂ ಇಳಿಯುತ್ತಿತ್ತು.