ಬೀಗದ ಕೊರಳು

ಮದುವೆಯಾದಾಗಿನಿಂದ ಶನಿವಾರದ ಸೌನಾಕ್ಕೆ, ಅಂದರೆ ಮನೆಯಲ್ಲೇ ಇರುವ ಬಿಸಿಹಬೆಯ ಕೋಣೆಗೆ, ನಾನೂ ಗಂಡ ತೈಸ್ತೊನೂ ಜೊತೆಯಾಗಿಯೇ ಹೋಗುತ್ತೇವೆ. ಜಗಳವಾಡಿದ ವಾರವೂ ಹೋಗಿ, ಮುಖ ತಿರುಗಿಸಿಕೊಂಡೇ ಕೂತು ಬೆವರಿದ್ದೇವೆ. ಆ ಶನಿವಾರ ಮಾತ್ರ ತಲೆನೋವೆಂದು ಸುಳ್ಳು ಹೇಳಿದೆ.

“ಹಾಗಾದ್ರೆ ನಾನೊಬ್ನೇ ಹೋಗ್ಲಾ?” ಎಂದ.

“ಹೋಗು ಮಾರಾಯ. ಸೌನಾ ಏನು ನಿನ್ನ ನುಂಗ್ಬಿಡುತ್ತಾ?”

ಅವನು ನಗಲಿಲ್ಲ. ಸಾಮಿಲ್ಲು ಮುಚ್ಚಿ ಕೆಲಸ ಹೋದ ಮೇಲೆ ಅವನು ನಕ್ಕಿದ್ದೇ ಅಪರೂಪ. ಈ ಸಲ ಊರವರ ಜೊತೆ ಬೇಟೆಗೂ ಹೋಗಲಿಲ್ಲ. ಆದರೂ ಬಂದೂಕನ್ನು ಕಪಾಟಿನಿಂದ ತೆಗೆದು ಎಣ್ಣೆ ಹಾಕಿ ಒರೆಸುತ್ತಾನೆ. ಒರೆಸಿದ ಮೇಲೂ ತೊಡೆಯ ಮೇಲಿಟ್ಟುಕೊಂಡು ಕೂತೇ ಇರುತ್ತಾನೆ. ಬೇಟೆ ಬಿಟ್ಟವನಿಗೆ ಬಂದೂಕು ಯಾಕೆ? ತನಗೇ ಗುರಿಯಿಟ್ಟುಕೊಂಡರೆ ಏನು ಗತಿ ಎಂದು ಹೆದರಿ ಹೆದರಿ ನನಗೆ ಅನ್ನ ನೀರು ಸೇರುತ್ತಿರಲಿಲ್ಲ. ಊರಿಗೆಲ್ಲ ಬಾಯಿ ಜೋರಿನ ಹಿಲ್ಕಾ ನಾನು. ಇದೊಂದನ್ನು ಕೇಳಲು ಮಾತ್ರ ಬಾಯಿ ಬರಲಿಲ್ಲ.

ಬಂದೂಕನ್ನೇ ಸಾಗಿಸೋಣವೆಂದರೆ ಲೈಸೆನ್ಸು ಅವನದು. ಪೊಲೀಸರಿಗೆ ಹೇಳಿದರೆ ಊರಿಗೆಲ್ಲ ಡಂಗುರ ಸಾರಿದಂತೆ. ಹಾಗಾಗಿ ಕಪಾಟಿನ ಬೀಗವನ್ನೇ ಬದಲಿಸಿ ಹೊಸ ಕೀಲಿಕೈ ನಾನೇ ಇಟ್ಟುಕೊಳ್ಳುವುದೆಂದು ನಿಶ್ಚಯಿಸಿದೆ. ಬೈದರೆ ಬೈಯಲಿ, ಬದುಕಿದ್ದು ಬೈಯಲಿ.

ಕಪಾಟಿನ ಬಾಗಿಲಲ್ಲೇ ಕೂತಿರುವ ಆ ಬೀಗದ ದುಂಡು ಮುಖವನ್ನು ಹೊರಗಿನಿಂದ ಅಳೆದುಕೊಂಡು ಶುಕ್ರವಾರ ಬೀಗದಂಗಡಿಗೆ ಹೋದರೆ ಅಂಗಡಿಯ ರೌನೊ ನಕ್ಕುಬಿಟ್ಟ.

“ಮುಖ ನೋಡಿ ಬೀಗ ಕೊಡಕ್ಕಾಗುತ್ತಾ ಹಿಲ್ಕಾ? ಬಾಗಿಲಿನ ತೂತಲ್ಲಿ ಕೂರೋದು ಅದರ ಕೊರಳು. ಅದರ ದಪ್ಪ, ಉದ್ದ, ಹಿಂದೆ ತಿರುಗಿ ಬಾಗಿಲನ್ನ ಹಿಡಿಯೋ ನಾಲಗೆಯ ಉದ್ದ, ಎಲ್ಲಾ ಬೇಕು. ಬಾಗಿಲು ತೆಗ್ದು ಒಳಗಿಂದ ಅಳ್ಕೊಂಡು ಬಾ.”

ತೆಗೆಯುವುದು ಹೇಗೆ? ಕೀಲಿಕೈ ತೈಸ್ತೊನ ಕೊರಳ ದಾರದಲ್ಲಿರುತ್ತದೆ. ಮಲಗುವಾಗಲೂ ಬಿಚ್ಚುವುದಿಲ್ಲ. ಸೌನಾಕ್ಕೆ ಹೋಗುವಾಗ ಮಾತ್ರ ಬಿಚ್ಚಲೇಬೇಕು, ಆ ಬಿಸಿಗೆ ಲೋಹ ಎದೆಗೆ ಬರೆ ಹಾಕುತ್ತದೆ. ಸೌನಾದ ಹೊರಕೋಣೆಯ ಗೂಟದಲ್ಲಿ ಅಂಗಿಯ ಮೇಲೆ ನೇತುಹಾಕಿ ಒಳಗೆ ಹೋಗುತ್ತಾನೆ.

ಆ ಶನಿವಾರ ಅವನ ಹಿಂದೆ ಸೌನಾದ ಬಾಗಿಲು ಮುಚ್ಚಿತು. ಬಿಸಿ ಕಲ್ಲುಗಳ ಮೇಲೆ ನೀರು ಚುಸ್ಸೆಂದಿತು. ಕಳ್ಳಿಯ ಹಾಗೆ ದಾರ ಎತ್ತಿಕೊಂಡು ಬಂದು ಕಪಾಟು ತೆರೆದೆ. ಒಳಗೆ ಬಂದೂಕು ನಿಂತಿತ್ತು. ಅದರ ಕಡೆ ನೋಡದೆ ಬೀಗದ ಹಿಂದಿನ ತಿರುಪು ಬಿಚ್ಚಿ ಅದರ ಕೊರಳಿಗೆ ಅಳತೆಪಟ್ಟಿ ಹಿಡಿದೆ. ಪಟ್ಟಿ ಜಾರಿತು. ಮತ್ತೆ ಹಿಡಿದೆ. ದಪ್ಪ ಸಿಕ್ಕಿತು, ಉದ್ದವೂ ಸಿಕ್ಕಿತು. ನೀರಿನ ಸದ್ದು ಆಗಲೇ ನಿಂತಿತ್ತೆಂದು ಆಮೇಲೆ ಹೊಳೆಯಿತು.

ತೈಸ್ತೊ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ.

“ತಲೆನೋವು ಹೇಗಿದೆ?”

“ಬೀಗ ಅಳೀತಿದೀನಿ,” ಎಂದೆ. ಇನ್ನೊಂದು ಸುಳ್ಳು ತೋಚಲಿಲ್ಲ.

ಅವನು ಹತ್ತಿರ ಬಂದ. ಬಂದೂಕಿನ ಕಡೆ ಕೈ ಚಾಚುತ್ತಾನೇನೋ ಎಂದು ಅಡ್ಡ ನಿಂತೆ. ಅವನು ಬೀಗದ ನಾಲಗೆಯನ್ನಷ್ಟೇ ಮುಟ್ಟಿದ.

“ಇದನ್ನ ಅಳ್ದಿಲ್ಲ ನೀನು. ನಲವತ್ತೈದು ಮಿಲಿಮೀಟರ್. ಹೋದ ವಾರಾನೇ ನೋಡಿಟ್ಟಿದ್ದೆ.”

“ಯಾಕೆ?”

“ಬೀಗ ಬದಲಾಯ್ಸಿ ಕೀಲಿಕೈ ನಿನ್ನ ಕೈಗೆ ಕೊಡೋಣ ಅಂತ.” ಅವನು ನೆಲ ನೋಡಿದ. “ಕೊಟ್ರೆ ಯಾಕೆ ಅಂತ ನೀನು ಕೇಳ್ತೀಯಲ್ಲ, ಅದಕ್ಕೇ ಕೊಡ್ಲಿಲ್ಲ. ಬಾಯ್ಬಿಟ್ಟು ಹೇಳಿದ್ರೆ ನಿಜಾನೇ ಆಗ್ಬಿಡುತ್ತೆ ಅನ್ನಿಸ್ತು ಕಣೆ.”

ನನಗೆ ಅಳು ಬಂತು. ಅಳುತ್ತಲೇ ಬೈದೆ, “ಕತ್ತೆ. ಸೋಮವಾರ ಡಾಕ್ಟರ ಹತ್ರ ಹೋಗೋಣ. ನಾನೂ ಬರ್ತೀನಿ.”

“ಹೂಂ. ಇನ್ನೊಂದು ಕೀಲಿಕೈ ಕಾಫಿ ಡಬ್ಬಿ ಹಿಂದಿದೆ, ಅದನ್ನೂ ತಗೋ. ಈಗ ಬಾ, ಸೌನಾದ ಒಲೆ ಆರಿಹೋಗುತ್ತೆ.”

ತಿರುಪು ಬಿಗಿದು, ಕಪಾಟಿಗೆ ಬೀಗ ಹಾಕಿ, ಕಾಫಿ ಡಬ್ಬಿಯ ಹಿಂದಿನದನ್ನೂ ತೆಗೆದುಕೊಂಡೆ. ಹೊರಕೋಣೆಯಲ್ಲಿ ಬಟ್ಟೆ ಬಿಚ್ಚಿಟ್ಟೆ. ಕೀಲಿಕೈಗಳನ್ನು ಗೂಟಕ್ಕೆ ಹಾಕಲು ಮಾತ್ರ ಮನಸ್ಸಾಗಲಿಲ್ಲ. ಮುಷ್ಟಿಯಲ್ಲಿ ಹಿಡಿದೇ ಒಳಗೆ ಹೋಗಿ ಅವನ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಅವು ಕಾಯತೊಡಗಿದವು.

“ಸುಡುತ್ತೆ, ಹೊರಗಿಟ್ಟು ಬಾ,” ಎಂದ.

“ಸುಡ್ಲಿ.”

ಅವನು ಬಕೆಟ್ಟಿನಿಂದ ಒಂದು ಸೌಟು ತಣ್ಣೀರು ಎತ್ತಿದ. ಕಲ್ಲುಗಳ ಮೇಲೆ ಹಾಕದೆ ನನ್ನ ಮುಷ್ಟಿಯ ಮೇಲೆ ಮೆಲ್ಲಗೆ ಸುರಿದ.