ಇಂಗ್ಲಿಷಿನ ವಂದನಾರ್ಪಣೆ

ನರಸಿಂಹರಾಜಪುರದ ಮರುಳಸಿದ್ದಪ್ಪನವರಿಗೆ ಬಿ.ಎ. ಓದಿದ ಸೊಸೆ ಬೇಕೆನ್ನಿಸಿದ್ದು ಶಿವಮೊಗ್ಗದಲ್ಲಿ ಒಂದು ಮದುವೆಯ ಊಟಕ್ಕೆ ಹೋಗಿ ಬಂದ ಮೇಲೆ. ಅಲ್ಲಿ ಅವರಿಗಿಂತ ಸಣ್ಣ ವ್ಯಾಪಾರಿಯೊಬ್ಬ ಪಂಕ್ತಿಯ ನಡುವೆ ಓಡಾಡುತ್ತ, ಹೋಳಿಗೆ ಬಡಿಸಿದ ಹಾಗೆ ಪ್ರತಿಯೊಬ್ಬರಿಗೂ "ನಮ್ಮ ಸೊಸೆ ಬಿ.ಎ." ಎಂದು ಬಡಿಸುತ್ತ ಬಂದಿದ್ದ. ಮರುಳಸಿದ್ದಪ್ಪನವರಿಗೆ ಅಕ್ಕಿ ಗಿರಣಿ ಇತ್ತು, ಪೇಟೆಯಲ್ಲಿ ಮಳಿಗೆ ಇತ್ತು, ಯುದ್ಧ ಬಂದ ಮೇಲೆ ರೇಷನ್ ಡಿಪೋ ಕೂಡ ಅವರ ಕೈಗೇ ಬಂದಿತ್ತು. ಬಿ.ಎ. ಒಂದು ಇರಲಿಲ್ಲ. ಮಗ ಶಿವಶಂಕರಪ್ಪನಿಂದ ಅದು ಆಗುವಂತೆಯೂ ಇರಲಿಲ್ಲ. ಅವನು ಇಂಟರ್‌ಮೀಡಿಯೆಟ್ಟಿನಲ್ಲಿ ಎರಡು ಸಲ ನಪಾಸಾಗಿ, ಮೂರನೆಯ ಸಲ ಪರೀಕ್ಷೆಯ ಹೊತ್ತಿಗೆ ಸರಿಯಾಗಿ ಚಳಿಜ್ವರ ತಂದುಕೊಂಡು, ಆಮೇಲೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು ಮತ್ತೆ ಎದ್ದಿರಲಿಲ್ಲ.

"ಗಂಡಿನ ಹೆಸರಲ್ಲಿದ್ರೇನು, ಹೆಣ್ಣಿನ ಹೆಸರಲ್ಲಿದ್ರೇನು? ಮನೇಲಿ ಒಂದು ಇದ್ರಾಯ್ತು," ಎಂದರು ಮರುಳಸಿದ್ದಪ್ಪ.

ಬಾಳೆಹೊನ್ನೂರಿನ ಕಡೆ ರೇಣುಕಪ್ಪ ಮೇಷ್ಟ್ರು ಎಂಬುವರಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮೈಮೇಲಿನ ಕೋಟು ನೂಲು ಬಿಟ್ಟರೂ ಸರಿ ಎಂದು ಒಬ್ಬಳೇ ಮಗಳು ಗಂಗಾಂಬಿಕೆಯನ್ನು ಮೈಸೂರಿನಲ್ಲಿ ಬಿ.ಎ.ವರೆಗೆ ಓದಿಸಿದ್ದರು. "ಓದಿದ್ದು ನಾಲ್ಕು ಜನಕ್ಕೆ ಆಗಬೇಕು ಮಗಳೇ," ಎಂದು ಅವರು ಪ್ರತಿ ರಜೆಯಲ್ಲೂ ಹೇಳುತ್ತಿದ್ದರು. ಆದರೆ ಗಿರಣಿಯ ಸಾಹುಕಾರರು ತಾವಾಗಿ ಬಂದು, ವರದಕ್ಷಿಣೆಯ ಮಾತೇ ಎತ್ತದೆ ಹೆಣ್ಣು ಕೇಳಿದಾಗ, ಮೇಷ್ಟ್ರಿಗೆ ಆ ನಾಲ್ಕು ಜನ ಯಾರೆಂಬುದು ಮರೆತುಹೋಯಿತು. ಗಂಗಾಂಬಿಕೆಯೂ ಬೇಡವೆನ್ನಲಿಲ್ಲ. ದೊಡ್ಡ ಮನೆಯಲ್ಲಿದ್ದರೆ ದೊಡ್ಡದಾಗಿ ಏನಾದರೂ ಮಾಡಬಹುದೆಂದು ಅವಳೂ ಅಂದುಕೊಂಡಳು. ಕಾಲೇಜಿನಲ್ಲಿ ಅಂಥ ನಂಬಿಕೆಗಳನ್ನು ಧಾರಾಳವಾಗಿ ಕೊಟ್ಟು ಕಳಿಸುತ್ತಿದ್ದರು.

ಲಗ್ನಪತ್ರಿಕೆಯಲ್ಲಿ ವರನ ಹೆಸರಿಗಿಂತ ವಧುವಿನ ಬಿ.ಎ. ದಪ್ಪಕ್ಷರದಲ್ಲಿ ಅಚ್ಚಾಯಿತು. ಮನೆ ತುಂಬಿಸಿಕೊಂಡ ವಾರದಲ್ಲೇ ಪದವಿಪತ್ರಕ್ಕೆ ಗಾಜು ಕಟ್ಟಿಸಿ ಜಗಲಿಯ ಗೋಡೆಗೆ ಹಾಕಿದರು. ಕಾಫಿ ಎಸ್ಟೇಟಿನ ಮ್ಯಾನೇಜರು ಬರಲಿ, ತರೀಕೆರೆಯಿಂದ ಬರುವ ಪುಟ್ಟ ಟ್ರಾಮ್ ರೈಲಿನಿಂದ ಇಳಿದ ಯಾವನೋ ಕಂಟ್ರಾಕ್ಟರು ಬರಲಿ, ಮಾವನವರು ಒಳಮುಖವಾಗಿ ಕೂಗುತ್ತಿದ್ದರು:

"ಗಂಗಮ್ಮಾ, ಬಾ ತಾಯಿ. ಇವರ ಹತ್ರ ಎರಡು ಮಾತು ಇಂಗ್ಲಿಷ್ ಆಡು."

ಅವಳು ಬಂದು ಹವಾಮಾನದ ಬಗ್ಗೆ ಎರಡು ಮಾತು ಆಡುತ್ತಿದ್ದಳು. ಬಂದವರು ತಲೆದೂಗುತ್ತಿದ್ದರು. ಮಾವನವರಿಗೆ ಒಂದಕ್ಷರವೂ ತಿಳಿಯದಿದ್ದರೂ ಹೊಟ್ಟೆ ಕುಣಿಯುವಂತೆ ನಗು ಬರುತ್ತಿತ್ತು. ಒಮ್ಮೆ ಅವಳು, ಹಿತ್ತಲ ಕೊಟ್ಟಿಗೆಯ ಪಕ್ಕದಲ್ಲಿ ಕೇರಿಯ ಹೆಣ್ಣುಮಕ್ಕಳಿಗೆ ಸಂಜೆ ಅಕ್ಷರ ಹೇಳಿಕೊಡಲೇ ಎಂದು ಕೇಳಿದಳು.

"ಎಂಥ ಮಾತು ಆಡ್ತೀಯಮ್ಮ," ಎಂದರು ಮಾವ. "ಬೆಳ್ಳಿ ತಟ್ಟೇಲಿ ಯಾರಾದ್ರೂ ಹಟ್ಟಿ ಸಗಣಿ ಬಾಚ್ತಾರಾ?"

ಗಂಡ ಶಿವಶಂಕರಪ್ಪ ಅಲ್ಲೇ ಇದ್ದ. ಅವನಿಗೆ ಹೆಂಡತಿಯ ಮೇಲೆ ಸಿಟ್ಟೂ ಇರಲಿಲ್ಲ, ಅಕ್ಕರೆಯೂ ಇರಲಿಲ್ಲ. ಅಪ್ಪ ಕೊಂಡು ತಂದ ಗೋಡೆ ಗಡಿಯಾರಕ್ಕೆ ಕೊಡುವಷ್ಟು ಗೌರವವನ್ನು ಅವಳಿಗೂ ಕೊಡುತ್ತಿದ್ದ. ಅವನು ನಕ್ಕು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ.

ಆ ಮನೆಗೆ ಭತ್ತ ಕೇರಲು, ನುಚ್ಚು ಬೇರೆ ಮಾಡಲು ಜಲಜಮ್ಮ ಎಂಬ ವಿಧವೆ ಬರುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಸೆರಗಿನಿಂದ ರೇಷನ್ ಕಾರ್ಡು ತೆಗೆದು ಗಂಗಾಂಬಿಕೆಯ ಮುಂದೆ ಹಿಡಿದಳು.

"ಸಣ್ಣಮ್ಮ, ಇದ್ರಾಗೆ ನಂಗೆ ಎಷ್ಟು ಸೇರು ಅಂತ ಬರ್ದದೆ?"

"ಮೂರು ಸೇರು."

"ಡಿಪೋದಾಗೆ ಶೇಷಪ್ಪ ಮೂರೇ ಅಳೀತಾನೆ. ಮನಿಗೆ ಹೋಗಿ ನಮ್ಮ ಸೇರಿನಾಗೆ ಹಾಕಿದ್ರೆ ಮೂರನೇದು ತುಂಬಂಗೇ ಇಲ್ಲ."

ಗಂಗಾಂಬಿಕೆ ಇದನ್ನು ಮುಚ್ಚುಮರೆಯಿಲ್ಲದೆ ಮಾವನವರಿಗೆ ಹೇಳಿದಳು. ಎಲ್ಲೋ ತಪ್ಪಾಗಿದೆ, ಹೇಳಿದರೆ ಸರಿಮಾಡುತ್ತಾರೆ ಎಂಬುದೇ ಅವಳ ಎಣಿಕೆ. ಮರುಳಸಿದ್ದಪ್ಪ ಬಾಯಿ ತುಂಬ ನಕ್ಕರು.

"ಅಕ್ಕಿ ಹಾದಿಯಲ್ಲಿ ಕುಲುಕಿ ಕೂತ್ಕೊಳ್ಳುತ್ತಮ್ಮ. ಬಿ.ಎ.ಗೆ ಇದೆಲ್ಲ ಹೇಳ್ಕೊಡಲ್ವಾ?"

ಅವಳು ನಂಬಿದಳು. ಅಷ್ಟೇ ಅಲ್ಲ, ಗೊತ್ತಿಲ್ಲದೆ ಮಾತಾಡಿದೆನಲ್ಲಾ ಎಂದು ನಾಚಿಕೊಂಡಳು. ಆದರೆ ಕೆಲವು ದಿನಗಳ ನಂತರ ಅಡಿಗೆಮನೆಯ ಸೇರು ಕಾಣದೆ, ಅವಳು ಹಿತ್ತಲ ಬಾಗಿಲಿನಿಂದ ಡಿಪೋಗೆ ಹೋಗಿ ಅಲ್ಲಿನದನ್ನು ತಂದು ಅಕ್ಕಿ ಅಳೆಯಲು ಕೂತಾಗ ಅತ್ತೆ ನೀಲಾಂಬಿಕೆ ಹೌಹಾರಿ ಓಡಿಬಂದರು.

"ಅಯ್ಯೋ, ಅದನ್ನ ಇಲ್ಲಿಗೆ ಯಾಕೆ ತಂದ್ಯೇ? ಅದು ಉಣ್ಣೋ ಮನೆಯ ಸೇರಲ್ಲ. ಒಯ್ದು ಕೊಟ್ಟು ಬಾ."

ಗಂಗಾಂಬಿಕೆ ಸೇರಿನೊಳಗೆ ಕೈ ಹಾಕಿದಳು. ತಳಕ್ಕೆ ಅರಗು ಕರಗಿಸಿ ಹೊಯ್ದು, ಮೇಲೆ ಮಸಿ ಸವರಿದ್ದರು. ಅತ್ತೆ ಬೇರೆ ಕಡೆ ನೋಡಿದರು. ಅವರು ದಿನಾ ಲಿಂಗಪೂಜೆ ಮಾಡದೆ ನೀರು ಕುಡಿಯುವವರಲ್ಲ. ಅಂಗಡಿಯ ಪಾಪ ಅಡಿಗೆಮನೆಯ ಹೊಸ್ತಿಲು ದಾಟದಂತೆ ನೋಡಿಕೊಂಡರೆ ತಮ್ಮ ಧರ್ಮ ಮುಗಿಯಿತು ಎಂದು ತಿಳಿದಿದ್ದರು.

ಆ ತಿಂಗಳಲ್ಲೇ ಊರಿಗೆ ಒಬ್ಬ ಪ್ರೊಫೆಸರು ಬರುವುದೆಂದು ಗೊತ್ತಾಯಿತು. ಹಳ್ಳಿಗಳಿಗೆ ಜ್ಞಾನವನ್ನು ಒಯ್ಯಬೇಕೆಂದು ಆಗ ದೊಡ್ಡ ಊರಿನ ವಿದ್ವಾಂಸರಿಗೆ ಹುಮ್ಮಸ್ಸು ಬಂದಿತ್ತು. ಈ ಪ್ರೊಫೆಸರು ಜ್ಞಾನದ ಜೊತೆಗೆ ಸೊಳ್ಳೆಪರದೆ, ಕುದಿಸಿ ಆರಿಸಿದ ನೀರಿನ ಕೂಜ, ಕ್ವಿನೈನ್ ಮಾತ್ರೆಯ ಡಬ್ಬಿ ತಂದಿದ್ದರು. ಟ್ರಾಮಿನಿಂದ ಇಳಿದವರು ಮೊದಲು ಕೇಳಿದ್ದು, "ವಾಪಸ್ಸು ಗಾಡಿ ಎಷ್ಟು ಹೊತ್ತಿಗೆ?" ಎಂದು. ರೇಷನ್ ಡಿಪೋಗಳನ್ನು ನೋಡಿಕೊಳ್ಳುವ ಅಧಿಕಾರಿಯೊಬ್ಬರೂ ಅವರ ಜೊತೆಗೆ ಬಂದಿದ್ದರು. ಅವರೂ ಪದವೀಧರರು, ಪ್ರೊಫೆಸರರ ಹಳೆಯ ಶಿಷ್ಯರು. ಸಭೆಗೆ ಮರುಳಸಿದ್ದಪ್ಪನವರೇ ಅಧ್ಯಕ್ಷರು. ಚಪ್ಪರ, ಕುರ್ಚಿ, ಉಪಾಹಾರ ಎಲ್ಲ ಅವರದೇ. ಕೊನೆಯಲ್ಲಿ ಸೊಸೆಯಿಂದ ಇಂಗ್ಲಿಷಿನಲ್ಲಿ ವಂದನಾರ್ಪಣೆ. ಶಿವಶಂಕರಪ್ಪ ಮಾತ್ರ ಗಲ್ಲಾಪೆಟ್ಟಿಗೆ ಬಿಟ್ಟು ಬರಲಿಲ್ಲ.

ಪ್ರೊಫೆಸರು ಉನ್ನತ ವಿದ್ಯಾಭ್ಯಾಸ ಪಡೆದವರು ಸಮಾಜಕ್ಕೆ ಸಲ್ಲಿಸಬೇಕಾದ ಸೇವೆಯ ಬಗ್ಗೆ ಮಾತಾಡಿದರು. ದೀಪವು ಕೊಳಗದ ಕೆಳಗಿರಬಾರದು, ಬಯಲಿಗೆ ಬರಬೇಕು ಎಂದರು. ಗ್ರೀಸ್ ದೇಶಕ್ಕೆ ಹೋದರು, ಅಲ್ಲಿಂದ ಜರ್ಮನಿಗೆ ಹೋದರು. ಹಿಂದುಗಡೆ ಚಾಪೆಯ ಮೇಲೆ ಕೂತಿದ್ದ ಕೂಲಿಯವರು, ಇದು ಮುಗಿದ ಮೇಲೆ ಸೀಮೆಎಣ್ಣೆ ಕೊಡುತ್ತಾರೆಂದು ಯಾರೋ ಹೇಳಿದ್ದರಿಂದ ಕದಲದೆ ಕೂತಿದ್ದರು. ಜಲಜಮ್ಮನೂ ಅಲ್ಲಿದ್ದಳು.

ಗಂಗಾಂಬಿಕೆ ಎದ್ದು ನಿಂತಳು. ಅತಿಥಿಗಳಿಗೆ ವಂದನೆ ಹೇಳಿದಳು. ಆಮೇಲೆ ಮುಖದಲ್ಲಿ ಮುಗುಳ್ನಗೆ ಇಟ್ಟುಕೊಂಡೇ, ಅದೇ ಸೊಗಸಾದ ಇಂಗ್ಲಿಷಿನಲ್ಲಿ ಮುಂದುವರಿಸಿದಳು: ಇಂದಿನ ಅಧ್ಯಕ್ಷರ ಬಗ್ಗೆ ಎಷ್ಟು ಹೇಳಿದರೂ ಸಾಲದು, ಇವರ ಡಿಪೋದ ಸೇರಿನ ತಳಕ್ಕೆ ಅರಗು ಹೊಯ್ದಿದೆ, ಈ ಚಾಪೆಗಳ ಮೇಲೆ ಕೂತಿರುವ ಪ್ರತಿಯೊಬ್ಬರ ಅನ್ನದಿಂದ ಇವರು ವಾರವಾರವೂ ಒಂದೊಂದು ತುತ್ತು ಕದಿಯುತ್ತಿದ್ದಾರೆ, ಆ ಅಕ್ಕಿ ಕಾಳಸಂತೆಗೆ ಹೋಗುತ್ತಿದೆ, ಗೋಡೆಗೆ ತೂಗುಹಾಕಲು ಇವರಿಗೆ ಜಿಂಕೆಯ ಕೊಂಬು ಸಿಗಲಿಲ್ಲವಾಗಿ ನನ್ನನ್ನು ತಂದರು, ಸಮಾಜಸೇವೆಯ ಬಗ್ಗೆ ಇಷ್ಟು ಚೆನ್ನಾಗಿ ಮಾತಾಡಿದ ಮಹನೀಯರೂ, ಡಿಪೋಗಳನ್ನು ಪರೀಕ್ಷಿಸುವ ಮಹನೀಯರೂ ಒಟ್ಟಿಗೇ ಬಂದಿರುವುದು ಈ ಊರಿನ ಪುಣ್ಯ.

ಈಗ ಇಬ್ಬರಲ್ಲಿ ಒಬ್ಬರು ಎದ್ದು ನಿಲ್ಲುತ್ತಾರೆ, ಸೇರು ತರಿಸುತ್ತಾರೆ ಎಂದು ಅವಳು ಕಾದಳು. ಪ್ರೊಫೆಸರು ಹುಬ್ಬೇರಿಸಿ ಅಧಿಕಾರಿಯನ್ನು ನೋಡಿದರು. ಅಧಿಕಾರಿ ತುಟಿ ಕಚ್ಚಿ ನಗು ತಡೆದರು. ಮರುಳಸಿದ್ದಪ್ಪನವರು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ಚಾಪೆಯ ಮೇಲಿನವರೂ ತಟ್ಟಿದರು.

ಮನೆಯ ಜಗಲಿಯಲ್ಲಿ ಕೇಸರಿಬಾತು, ಕಾಫಿ ಆಯಿತು. ಊರಿನಲ್ಲಿ ಸಕ್ಕರೆ ಕಂಡು ತಿಂಗಳಾಗಿತ್ತು. ಈ ಕೇಸರಿಬಾತಿನಲ್ಲಿ ಮಾತ್ರ ಬೆರಳು ಅಂಟುವಷ್ಟಿತ್ತು.

"ಎಂಥ ಭಾಷೆ! ಎಂಥ ವ್ಯಂಗ್ಯ!" ಎಂದರು ಪ್ರೊಫೆಸರು ಬೆರಳು ನೆಕ್ಕುತ್ತ. "ನಿಮಗೆ ಇಂಗ್ಲಿಷ್ ಯಾರು ಹೇಳಿಕೊಟ್ಟದ್ದಮ್ಮ? ನಮ್ಮ ಆನರ್ಸ್ ಹುಡುಗರಿಗೂ ಈ ವಾಕ್ಯರಚನೆ ಬರುವುದಿಲ್ಲ."

ಮರುಳಸಿದ್ದಪ್ಪ ಅಧಿಕಾರಿಯ ಕಡೆ ಬಾಗಿ ಕೇಳಿದರು: "ನನ್ನ ಬಗ್ಗೆ ಏನೋ ಹೇಳಿದ ಹಾಗಿತ್ತಲ್ಲ ಸ್ವಾಮಿ?"

"ಹೊಗಳಿದ್ರು ಸಾಹುಕಾರ್ರೇ. ತುಂಬಾ ಹೊಗಳಿದ್ರು," ಎಂದು ಅಧಿಕಾರಿ ಇನ್ನೊಂದು ಚೂರು ಕೇಸರಿಬಾತು ಹಾಕಿಸಿಕೊಂಡರು.

ಅಧಿಕಾರಿ ಹಿತ್ತಲಿಗೆ ಕೈ ತೊಳೆಯಲು ಹೋದಾಗ ಗಂಗಾಂಬಿಕೆ ಚೊಂಬು ಹಿಡಿದು ಹಿಂದೆಯೇ ಹೋದಳು.

"ನಾನು ಹೇಳಿದ್ದು ನಿಜ ಸಾರ್. ಸೇರು ಇಲ್ಲೇ ಡಿಪೋದಲ್ಲಿದೆ. ತೋರಿಸ್ತೀನಿ."

"ಗೊತ್ತಮ್ಮ. ಎಲ್ಲಾ ಕಡೆ ಇದ್ದದ್ದೇ. ಯುದ್ಧದ ಕಾಲ." ಅವರು ನಿಧಾನವಾಗಿ ಒಂದೊಂದೇ ಬೆರಳು ತೊಳೆದರು. "ನೀವು ಜಾಣತನ ಮಾಡಿದ್ರಿ. ಯಾರಿಗೂ ತಿಳಿಯದ ಹಾಗೆ ಹೇಳಿದ್ರಿ. ಹಾಗೇ ಇರಲಿ. ಓದಿದವರು ಮನೆ ಮರ್ಯಾದೆ ಕಾಯಬೇಕು."

ಚೊಂಬಿನ ನೀರು ಮುಗಿದಿತ್ತು. ಅವಳು ಅಲ್ಲೇ ನಿಂತಳು. ಅವರ ಮೇಲೆ ಬಂದ ಹೇಸಿಗೆ ತಿರುಗಿ ತನ್ನ ಮೇಲೇ ಬಂತು. ಆ ಮನುಷ್ಯ ಸುಳ್ಳು ಹೇಳಿರಲಿಲ್ಲ. ಯಾರಿಗೆ ಹೇಳಬೇಕಿತ್ತೋ ಅವರಿಗೆ ತಿಳಿಯದ ಭಾಷೆಯಲ್ಲಿ ಹೇಳಿ, ತಾನು ಧೈರ್ಯ ಮಾಡಿದೆನೆಂದುಕೊಂಡಿದ್ದಳು. ತನ್ನ ವಾಕ್ಯ ಚೆನ್ನಾಗಿ ಬಂತೆಂದು ಹೇಳುವಾಗಲೇ ಒಳಗೊಳಗೆ ಖುಷಿಯೂ ಪಟ್ಟಿದ್ದಳು.

ಮುಂದಿನ ರೇಷನ್ನಿನ ದಿನ ಬೆಳಿಗ್ಗೆ ಡಿಪೋದ ಮುಂದೆ ಹೆಂಗಸರ ಸಾಲು ನಿಂತಿತ್ತು. ಗಂಗಾಂಬಿಕೆ ಅಡಿಗೆಮನೆಯ ಸೇರು ಕೈಯಲ್ಲಿ ಹಿಡಿದು ಮುಂಬಾಗಿಲಿನಿಂದ ಬೀದಿಗೆ ಇಳಿದು ಹೋದಳು. ಆ ಮನೆಯ ಸೊಸೆಯರು ಮುಂಬಾಗಿಲಿನಿಂದ ಪೇಟೆಗೆ ಇಳಿದದ್ದು ಅದೇ ಮೊದಲು. ಅಕ್ಕಿ ಅಳೆಯುತ್ತಿದ್ದ ಶೇಷಪ್ಪ ಗಾಬರಿಯಾಗಿ ಎದ್ದ.

"ಕೊಡು ಅದನ್ನ," ಎಂದು ಅವನ ಕೈಯಿಂದ ಸೇರು ತೆಗೆದುಕೊಂಡು, ಅಕ್ಕಿ ತುಂಬಿ, ಬಾಯಿಮಟ್ಟಕ್ಕೆ ಸವರಿ, ಮನೆಯ ಸೇರಿಗೆ ಸುರಿದಳು. ಕಂಠದಿಂದ ಎರಡು ಬೆರಳು ಕೆಳಗೆ ನಿಂತಿತು.

"ನೋಡಿ," ಎಂದು ಎತ್ತಿ ಹಿಡಿದಳು. "ಇದು ನಮ್ಮನೇಲಿ ನಾವು ಉಣ್ಣೋ ಸೇರು. ಇದು ನಿಮಗೆ ಅಳೆಯೋ ಸೇರು. ಇದರ ತಳದಲ್ಲಿ ಅರಗು ಇದೆ. ನಮ್ಮ ಮಾವನೋರೇ ಹಾಕ್ಸಿದ್ದು."

ಯಾರೂ ಕೂಗಲಿಲ್ಲ. ಅವರಿಗೆ ಅರ್ಥವಾಗಲಿಲ್ಲವೇನೋ ಎಂದು ಅವಳಿಗೆ ಅನ್ನಿಸಿತು. ಜಲಜಮ್ಮ ಮುಂದೆ ಬಂದು ಸೇರಿನೊಳಗೆ ಇಣುಕಿದಳು.

"ನಮಗೆ ಗೊತ್ತಿಲ್ದೇ ಏನು ಸಣ್ಣಮ್ಮ? ನೀವು ಹೇಳ್ತೀರಿ ಅಂತ ಗೊತ್ತಿರ್ಲಿಲ್ಲ."

ಆಮೇಲೆ ಆಕೆ ಕಾರ್ಡು ಶೇಷಪ್ಪನ ಮುಂದೆ ಇಟ್ಟು, ಮನೆಯ ಸೇರನ್ನು ತೋರಿಸಿ, "ಇದ್ರಾಗೆ ಅಳಿ," ಎಂದಳು. ಹಿಂದಿನವಳೂ ಹಾಗೇ ಅಂದಳು. ಅವಳ ಹಿಂದಿನವಳೂ. ಶೇಷಪ್ಪ ಯಜಮಾನರು ಬರಲಿ ಎಂದ. ಯಾರೂ ಸಾಲು ಬಿಡಲಿಲ್ಲ.

ಮರುಳಸಿದ್ದಪ್ಪ ಓಡಿ ಬಂದರು. ವಿಭೂತಿ ಹಚ್ಚಿದ ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

"ಒಳಗೆ ನಡಿ! ತಲೆ ಕೆಟ್ಟಿದೆಯಾ ನಿಂಗೆ? ನಿನ್ನನ್ನ ತಂದು ದೇವರ ಹಾಗೆ ಇಟ್ಟಿದ್ದೆನಲ್ಲೇ!"

"ಹೌದು ಮಾವ. ಅಲ್ಲಾಡದ ಹಾಗೆ ಇಟ್ಟಿದ್ರಿ."

"ಮೊನ್ನೆ ಸಭೇಲಿ ಅಷ್ಟು ಚೆನ್ನಾಗಿ ಹೊಗಳಿದವಳು..."

"ಅವತ್ತೂ ಇದನ್ನೇ ಹೇಳಿದ್ದು. ನೀವು ಚಪ್ಪಾಳೆ ತಟ್ಟಿದ್ರಿ."

ಸಾಲಿನಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಅದು ಸಾಲಿನುದ್ದಕ್ಕೂ ಹರಡಿತು. ಮರುಳಸಿದ್ದಪ್ಪನವರನ್ನು ಕಳ್ಳನೆಂದಿದ್ದರೆ ಅವರು ಹೇಗಾದರೂ ತಡೆದುಕೊಳ್ಳುತ್ತಿದ್ದರು. ವ್ಯಾಪಾರದಲ್ಲಿ ಅದನ್ನು ಕೇಳಿ ಅಭ್ಯಾಸವಿತ್ತು. ಈ ನಗೆಯನ್ನು ತಡೆದುಕೊಳ್ಳಲಾಗಲಿಲ್ಲ. ಅಂದೇ ಮಧ್ಯಾಹ್ನ ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಬಸ್ಸಿಗೆ ಹತ್ತಿಸಿ ಸೊಸೆಯನ್ನು ತವರಿಗೆ ಕಳಿಸಿದರು. ಶಿವಶಂಕರಪ್ಪ ಬಂದು ಟ್ರಂಕು ಮೇಲಿಟ್ಟು, ಕೈ ಕೊಡವಿಕೊಂಡು ಗಲ್ಲಾಪೆಟ್ಟಿಗೆಗೆ ಹಿಂತಿರುಗಿದ.

ರೇಣುಕಪ್ಪ ಮೇಷ್ಟ್ರು ಮಗಳನ್ನು ಕಂಡು ತಲೆಯ ಮೇಲೆ ಕೈ ಹೊತ್ತರು. "ಸ್ವಲ್ಪ ತಾಳ್ಮೆ ಇದ್ದಿದ್ರೆ ಒಳಗಿದ್ದೇ ಸರಿಮಾಡಬಹುದಿತ್ತಲ್ಲ ಮಗಳೇ," ಎಂದರು. ಅವಳು ಮಾರನೆಯ ದಿನದಿಂದಲೇ ಕೆಲಸಕ್ಕೆ ಅರ್ಜಿ ಬರೆಯತೊಡಗಿದಳು. ಒಂದೆರಡು ತಿಂಗಳಲ್ಲಿ ಕೊಪ್ಪದಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯ ಕೆಲಸ ಸಿಕ್ಕಿತು. ಬಿ.ಎ. ಮಾಡಿದವಳು ಮೂರನೇ ಕ್ಲಾಸಿಗೆ ಮಗ್ಗಿ ಹೇಳಿಕೊಡುವುದನ್ನು ನೋಡಿ ಅಲ್ಲಿನ ವಕೀಲರು, ಗುಮಾಸ್ತರು ಅಯ್ಯೋ ಪಾಪ ಎಂದರು.

ಮಳೆಗಾಲ ಮುಗಿದ ಮೇಲೆ ಶಿವಶಂಕರಪ್ಪ ಒಂದು ದಿನ ಶಾಲೆಯ ಬಾಗಿಲಿಗೆ ಬಂದ. ಜರಿಯಂಚಿನ ಪಂಚೆ ಉಟ್ಟಿದ್ದ.

"ಅಪ್ಪ ಮನಸ್ಸು ಕರಗಿಸಿಕೊಂಡಿದ್ದಾರೆ. ಮುಂದಿನ ವಾರ ಶಿವಮೊಗ್ಗದಿಂದ ದೊಡ್ಡ ಮನುಷ್ಯರು ಬರ್ತಾರೆ, ಬಿ.ಎ. ಸೊಸೆ ಎಲ್ಲಿ ಅಂತ ಕೇಳ್ತಾರೆ. ಬಂದ್ಬಿಡು."

"ಡಿಪೋದಲ್ಲಿ ಯಾವ ಸೇರು ಈಗ?"

ಅವನು ಮುಖ ಹುಳ್ಳಗೆ ಮಾಡಿದ. "ಅದೇ ಹಾಳಾಗಿ ಹೋಯ್ತಲ್ಲ. ಒಬ್ಬೊಬ್ಬಳೂ ಮನೆಯಿಂದ ಸೇರು ತರ್ತಾಳೆ. ನಮ್ಮದನ್ನ ಯಾರೂ ಮುಟ್ಟೋಕೇ ಬಿಡಲ್ಲ. ಡಿಪೋ ಬಿಟ್ಟುಬಿಡೋಣ ಅಂತಿದ್ದಾರೆ ಅಪ್ಪ. ಅದರಲ್ಲಿ ಏನೂ ಗಿಟ್ಟಲ್ಲ ಈಗ."

ಇಷ್ಟು ದಿನದಲ್ಲಿ ಅವಳು ಅವನ ಎದುರಿಗೆ ಮೊದಲ ಸಲ ಮನಸಾರೆ ನಕ್ಕಳು. ಅವಳು ಪ್ರಸನ್ನಳಾದಳೆಂದು ತಿಳಿದು ಅವನೂ ನಕ್ಕ.

"ನೀವು ಹೋಗಿ," ಎಂದಳು ಅವಳು. "ನನಗೆ ಕ್ಲಾಸಿದೆ."

ಅವನು ಬಸ್ಸಿಗೆ ಹೋದ. ಮರುವರ್ಷ ಮರುಳಸಿದ್ದಪ್ಪನವರು ಮಗನಿಗೆ ಇನ್ನೊಂದು ಹೆಣ್ಣು ತಂದರು. ಹೆಣ್ಣು ನೋಡಲು ಹೋದಲ್ಲಿ ಅವರು ಕೇಳಿದ ಪ್ರಶ್ನೆ ಒಂದೇ: ಹುಡುಗಿಗೆ ಓದು ಬರಹ ಬರುವುದಿಲ್ಲ ತಾನೇ?