ನಾಲಿಗೆ ನೋಡುವ ವೈದ್ಯ

ಭದ್ರಾವತಿಯನ್ನು ಹಳಬರು ಇನ್ನೂ ಬೆಂಕಿಪುರ ಎಂದೇ ಕರೆಯುತ್ತಿದ್ದ ಕಾಲ. ಕಬ್ಬಿಣದ ಕಾರ್ಖಾನೆ ಶುರುವಾಗಿ ಹತ್ತು ಹನ್ನೆರಡು ವರ್ಷವಾಗಿತ್ತು. ಎಲ್ಲೆಲ್ಲಿಂದಲೋ ಜನ ಬಂದು ಸೇರಿದ ಹಾಗೆ ಲಿಯಾಂಗ್ ಎಂಬ ಚೀನಾದವನೂ ಬಂದು ಸೇರಿಕೊಂಡ. ಸಮುದ್ರದಾಚೆಯ ಪಿನಾಂಗಿನಲ್ಲಿ ತಮಿಳರ ನಡುವೆ ಬೆಳೆದವನಾದ್ದರಿಂದ ಅವನಿಗೆ ಮುರುಕು ತಮಿಳು ಬರುತ್ತಿತ್ತು, ಕನ್ನಡ ಮಾತ್ರ ತಿಳಿಯದು. ಸಂತೆ ಬೀದಿಯಲ್ಲಿ ಒಂದು ಕೋಣೆ ಹಿಡಿದು, ಕೂದಲೆಳೆಯಂಥ ಸೂಜಿ ಚುಚ್ಚಿ, ತನ್ನ ದೇಶದ ಬೇರು ಸಿಪ್ಪೆಗಳ ಕಷಾಯ ಕುಡಿಸಿ, ಕೀಲುನೋವು, ಊತ, ಗಂಟುಗಳಿಗೆ ಮದ್ದು ಮಾಡುತ್ತಿದ್ದ. ಯಾರೇ ಬರಲಿ, ಮೊದಲು ನಾಲಿಗೆ ಚಾಚಿಸಿ ನೋಡುವುದು ಅವನ ಪದ್ಧತಿ. ಕಾಲು ಉಳುಕಿದೆ ಎಂದು ಕುಂಟುತ್ತ ಬಂದವನೂ ನಾಲಿಗೆ ತೋರಿಸಲೇಬೇಕು.

"ಹೆಂಡ್ತೀನ ಇಲ್ಲಿಗೆ ಕರ್ಕೊಂಡು ಬರಬೇಡ ಮಾರಾಯ, ಚೀನಾದೋನು ನಾಲಿಗೆ ಉದ್ದ ನೋಡಿ ಹೆದರಿ ಊರು ಬಿಟ್ಟಾನು" ಎಂದು ಕಾರ್ಖಾನೆಯ ಜನ ನಗುತ್ತಿದ್ದರು.

ಕಷಾಯ ಕಾಯಿಸುವುದು, ರೋಗಿಗಳ ಮಾತನ್ನು ಅವನಿಗೂ ಅವನ ಮಾತನ್ನು ರೋಗಿಗಳಿಗೂ ಮುಟ್ಟಿಸುವುದು ಸುವರ್ಣಮ್ಮನ ಕೆಲಸ. ಕಾರ್ಖಾನೆಯ ಕೂಲಿ ಲೈನಿನಲ್ಲಿ ತಮಿಳರ ನೆರೆಯಲ್ಲೇ ಎಂಟು ವರ್ಷ ಬಾಳಿದವಳು, ತಮಿಳು ಅವಳಿಗೆ ನೀರು ಕುಡಿದ ಹಾಗಿತ್ತು. ಬೆಳಗ್ಗೆ ಕೋಣೆಯ ಕಸ ಗುಡಿಸಿ, ಗೋಡೆಗೆ ಅಂಟಿಸಿದ್ದ ತನ್ನೂರ ದೇವಿ ಚೌಡಮ್ಮನ ಪಟಕ್ಕೆ ಒಂದು ಹೂವಿಟ್ಟು, ಆಮೇಲೆ ಒಲೆ ಹಚ್ಚುವಳು. ಲಿಯಾಂಗ್ ಬೇಡವೆನ್ನುತ್ತಿರಲಿಲ್ಲ. ತಾನೂ ಒಂದು ಊದುಬತ್ತಿ ಹಚ್ಚಿ ಕೈಮುಗಿಯುತ್ತಿದ್ದ.

ಒಂದು ಮಂಗಳವಾರ ಬೆಳಗ್ಗೆ, ಹೆಗಲ ತುಂಬ ಶಾಲು ಹೊದ್ದ ಗಂಡಸೊಬ್ಬ ಬಾಗಿ ಒಳಗೆ ಬಂದ. ಶಾಲು ಜಾರಿದಾಗ ಕತ್ತಿನ ಹಿಂದೆ ನಿಂಬೆಹಣ್ಣಿನಷ್ಟು ಗಂಟು ಕಂಡಿತು. ತಲೆಯೆತ್ತಿದವನು ಸುವರ್ಣಮ್ಮನನ್ನು ನೋಡಿ ನಿಂತಲ್ಲೇ ನಿಂತ.

"ನೀನಾ?"

"ನಾನೇ ಗೌಡ್ರೇ. ಕೂತ್ಕೊಳ್ಳಿ. ಬೆಂಚು ಗಟ್ಟಿಯಾಗಿದೆ, ಬೀಳಲ್ಲ."

ಅವನು ಹುಲಿಯಪ್ಪ. ಶಿವಮೊಗ್ಗೆಯ ಹತ್ತಿರ, ಸೋಗಾನೆ ಕಡೆಯ ಅವಳ ಊರಿನ ಗೌಡ, ಚೌಡಮ್ಮನ ಒಡವೆ ಪೆಟ್ಟಿಗೆಯ ಬೀಗದ ಕೈ ಇಟ್ಟುಕೊಂಡವನು. ನವರಾತ್ರಿಗೆ ಮುಂಚೆ ದೇವಿಯ ಒಡವೆಗಳನ್ನು ತುಂಗೆಗೆ ಒಯ್ದು ಹುಣಿಸೆಹಣ್ಣಿನಿಂದ ಉಜ್ಜಿ ತೊಳೆಯುವುದು ಆ ಊರಿನ ವಾಡಿಕೆ. ಎಂಟು ವರ್ಷದ ಕೆಳಗೆ ಆ ಕೆಲಸಕ್ಕೆ ಹೋದವರು ಇಬ್ಬರೇ, ಹುಲಿಯಪ್ಪ ಮತ್ತು ಸುವರ್ಣಮ್ಮನ ಗಂಡ ಕಲ್ಲಪ್ಪ. ಹಿಂದಿರುಗಿ ಪೆಟ್ಟಿಗೆ ತೆರೆದಾಗ ದೇವಿಯ ಬೆಳ್ಳಿ ಕಣ್ಣುಗಳಿರಲಿಲ್ಲ. ಕಲ್ಲಪ್ಪ ಕದ್ದದ್ದನ್ನು ಕಂಡೆನೆಂದು ಹುಲಿಯಪ್ಪ ದೇವಿಯ ಮುಂದಿನ ದೀಪವನ್ನು ಅಂಗೈಯಿಂದ ಆರಿಸಿ ಆಣೆ ಮಾಡಿದ. ದೀಪ ಆರಿಸಿ ಆಡಿದ ಮಾತಿಗೆ ಎದುರು ಮಾತಿಲ್ಲ. ಆಣೆ ಮಾಡಿದವನೇ ಬಂದು ಸುಳ್ಳೆಂದು ಒಪ್ಪುವ ತನಕ ಅದೇ ಸತ್ಯ. ಗಂಡ ಹೆಂಡತಿ ಊರು ಬಿಟ್ಟು ಭದ್ರಾವತಿಗೆ ಬಂದರು. ಎರಡನೆಯ ವರ್ಷವೇ ಕಾರ್ಖಾನೆಗೆ ಸೌದೆ ಹೊರುತ್ತಿದ್ದ ಕಲ್ಲಪ್ಪ ಜ್ವರದಲ್ಲಿ ಮಲಗಿದ. "ಮಣ್ಣು ಹಾಕೋಕಾದ್ರೂ ಊರಿನೋರು ಬರ್ತಾರೇನೇ?" ಎಂದು ಕೇಳಿದ್ದ. ಸತ್ತಾಗ ಹೇಳಿ ಕಳಿಸಿದರೂ ಒಬ್ಬರೂ ಬರಲಿಲ್ಲ. ಅಂದಿನಿಂದ ಸುವರ್ಣಮ್ಮ ದೇವಿಯಲ್ಲಿ ಬೇಡುತ್ತಿದ್ದದ್ದು ಒಂದೇ. ಹುಲಿಯಪ್ಪ ಸಾಯಬಾರದು. ಗುಡಿಯ ಮುಂದೆ ನಿಂತು, ಕಲ್ಲಪ್ಪ ಕಳ್ಳನಲ್ಲ ಎಂದು ತನ್ನ ಬಾಯಾರೆ ಹೇಳುವವರೆಗೆ ಸಾಯಬಾರದು.

ಈಗ ಅವನೇ ಅಂಗಿ ಕಳಚಿ ಕೂತಿದ್ದ. ಬೆನ್ನ ಮೇಲೆ ಏಳು, ಎರಡೂ ತೋಳಿನಲ್ಲಿ ಒಂದೊಂದು. ಶಿವಮೊಗ್ಗೆಯ ಆಸ್ಪತ್ರೆಯಲ್ಲಿ ಕೊಯ್ಯಬಹುದು ಎಂದೊಡನೆ ಮುಂದಿನ ಮಾತು ಕೇಳದೆ ಓಡಿಬಂದಿದ್ದನಂತೆ. ಲಿಯಾಂಗ್ ಒಂದೊಂದನ್ನೇ ಎರಡು ಬೆರಳಲ್ಲಿ ಒತ್ತಿ ನೋಡಿದ. ಗಂಟು ಚರ್ಮದಡಿಯಲ್ಲಿ ಮೆತ್ತಗೆ ಜಾರುತ್ತಿತ್ತು. ನಾಲಿಗೆ ಚಾಚು ಎಂದು ಕೈಸನ್ನೆ ಮಾಡಿದ.

"ಗಂಟು ಬೆನ್ನಲ್ಲಿದೆ. ನಾಲಿಗೆ ಯಾಕೆ?" ಹುಲಿಯಪ್ಪ ಸುವರ್ಣಮ್ಮನನ್ನು ಕೇಳಿದ.

"ಅವರ ಪದ್ಧತಿ. ಒಳಗಿರೋದೆಲ್ಲ ಅಲ್ಲಿ ಕಾಣತ್ತಂತೆ."

ಅವನ ನಾಲಿಗೆ ನಡುಗುತ್ತ ಹೊರಬಂದಿತು. ಲಿಯಾಂಗ್ ಬಹಳ ಹೊತ್ತು ನೋಡಿ ತಮಿಳಿನಲ್ಲಿ ಹೇಳಿದ. ಇದು ಬರೀ ಕೊಬ್ಬು, ಕಫ ಒಂದೆಡೆ ಕಟ್ಟಿಕೊಂಡಿದೆ, ಜೀವಕ್ಕೇನೂ ಭಯವಿಲ್ಲ. ಸೂಜಿಗೂ ಕಷಾಯಕ್ಕೂ ಕೆಲವು ಕುಗ್ಗಬಹುದು, ಕೆಲವು ಹಾಗೇ ಉಳಿಯಬಹುದು. ಉಳಿದರೂ ತೊಂದರೆಯಿಲ್ಲ. ಇದನ್ನು ಮೊದಲು ಹೇಳಮ್ಮ, ಪಾಪ, ಹೆದರಿದ್ದಾನೆ.

ಸುವರ್ಣಮ್ಮ ಗೋಡೆಯ ಪಟದ ಕಡೆ ಒಮ್ಮೆ ನೋಡಿದಳು. ಕೈಗೆ ಬಂದದ್ದು ಏನೆಂದು ಅವಳಿಗೆ ಆ ಕ್ಷಣದಲ್ಲೇ ತಿಳಿಯಿತು.

"ಏನಂತೆ?" ಎಂದ ಹುಲಿಯಪ್ಪ.

"ಇದು ಮೈಯಿಂದ ಹುಟ್ಟಿದ್ದಲ್ಲವಂತೆ. ದೇವರ ಮುಂದೆ ಯಾವುದೋ ಮಾತು ಆಡಿದೀರಂತೆ, ನಾಲಿಗೆ ಮೇಲೆ ಅದರ ಗುರುತು ಇನ್ನೂ ಇದೆಯಂತೆ. ಅದು ಹೋಗೋವರೆಗೂ ಗಂಟು ಏಳ್ತಾನೇ ಇರತ್ತೆ. ಬೆನ್ನು ಮುಗಿದ ಮೇಲೆ ಒಳಗೆ."

"ಒಳಗೆ ಅಂದ್ರೆ?"

"ಒಳಗೆ ಅಂದ್ರೆ ಒಳಗೆ ಗೌಡ್ರೇ. ಅದನ್ನ ನಾನು ಹೇಗೆ ಹೇಳಲಿ?"

ಅವನು ಸೂಜಿ ಚುಚ್ಚಿಸಿಕೊಂಡು, ಕಿತ್ತಳೆ ಸಿಪ್ಪೆ ನಾರುವ ಕಷಾಯ ಕುಡಿದು ಹೋದ. ಮುಂದಿನ ಮಂಗಳವಾರ ಬಂದ, ಅದರ ಮುಂದಿನ ಮಂಗಳವಾರವೂ ಬಂದ. ಪ್ರತಿ ಸಲವೂ ನಾಲಿಗೆ ಚಾಚಬೇಕಿತ್ತು. ಪ್ರತಿ ಸಲವೂ ಲಿಯಾಂಗ್ ಚೆನ್ನಾಗಿದೆ ಎಂದು ತಲೆದೂಗುತ್ತಿದ್ದ. ಸುವರ್ಣಮ್ಮ "ಹಾಗೇ ಇದೆಯಂತೆ" ಎನ್ನುತ್ತಿದ್ದಳು. ಸೂಜಿಗಿಂತ ಹೆಚ್ಚಾಗಿ ಆ ಮಾತು ಅವನನ್ನು ತಿಂದಿತು. ಊಟ ಸೇರದೆ ಕೆನ್ನೆ ಒಳಸೇರಿತು. ಮೈ ಇಳಿದಂತೆ ಗಂಟುಗಳು ಇನ್ನೂ ಎದ್ದು ಕಾಣತೊಡಗಿದವು. ಅವು ಬೆಳೆಯುತ್ತಿವೆ ಎಂದೇ ಅವನು ತಿಳಿದ. ಅವಳು ಅಲ್ಲವೆನ್ನಲಿಲ್ಲ.

ಐದನೆಯ ವಾರ ಅವನು ಒಲೆಯ ಹತ್ತಿರವೇ ಬಂದು ಕುಕ್ಕರಿಸಿದ.

"ಸುವರ್ಣೀ, ಎರಡು ಕಣ್ಣೂ ನನ್ನ ಕೈಯಿಂದ ಜಾರಿ ನೀರಿಗೆ ಬಿದ್ವು ಕಣೇ. ಹುಣಿಸೆಹಣ್ಣಿನ ಜಿಡ್ಡು. ಎಷ್ಟು ಹುಡುಕಿದೆ! ಕಲ್ಲಪ್ಪ ಆಗ ದಡದ ಮೇಲೆ ಪಾತ್ರೆ ಬೆಳಗ್ತಿದ್ದ, ಅವನಿಗೆ ಗೊತ್ತಾಗಲಿಲ್ಲ. ದೇವಿ ಕಣ್ಣು ಕಳೆದ ಗೌಡ ಅಂದ್ರೆ ಪೆಟ್ಟಿಗೆ ಯಾರು ಬಿಡ್ತಿದ್ರು ನನ್ನ ಕೈಲಿ? ಬಾಯಿಗೆ ಅವನ ಹೆಸರು ಬಂತು."

ಅವಳ ಕೈಯಲ್ಲಿದ್ದ ಸೌಟು ನಿಂತಿತು. ಕದ್ದದ್ದೂ ಅಲ್ಲ, ಜಾರಿದ್ದು. ಜಾರಿತು ಎಂಬ ಒಂದು ಮಾತು ಹೇಳಲಾರದೆ ಇವನು ಅವಳ ಗಂಡನನ್ನು ಮಣ್ಣಿಗೆ ಕಳಿಸಿದ್ದ.

"ನನಗ್ಯಾಕೆ ಹೇಳ್ತೀರಾ?" ಎಂದಳು ಮೆಲ್ಲಗೆ. "ನಾನೇನು ಚೌಡಮ್ಮನಾ? ದೀಪ ಆರಿಸಿದ್ದು ನನ್ನ ಒಲೆ ಮುಂದೆ ಅಲ್ವಲ್ಲ."

ಅಮಾವಾಸ್ಯೆಯ ಪೂಜೆಗೆ ಊರು ಸೇರಿದ್ದಾಗ ಹುಲಿಯಪ್ಪ ಗುಡಿಯ ಮುಂದೆ ಒದ್ದೆ ಬಟ್ಟೆಯಲ್ಲಿ ನಿಂತು ಎಲ್ಲವನ್ನೂ ಹೇಳಿದ. ಸುವರ್ಣಮ್ಮ ಎಂಟು ವರ್ಷದ ಮೇಲೆ ಆ ಊರಿನ ಕಟ್ಟೆಯ ಮೇಲೆ ಕೂತು ಕೇಳಿದಳು. ಹಿರಿಯ ಭೈರಪ್ಪ ಬೀಗದ ಕೈಯನ್ನು ಅವನ ಸೊಂಟದಿಂದ ತಾನೇ ಬಿಚ್ಚಿಕೊಂಡ. ಗೌಡಿಕೆ ಹೋಯಿತು. ಅವನ ಸ್ವಂತ ಮಗಳೇ ಮುಖ ತಿರುಗಿಸಿ ಎದ್ದುಹೋದಳು. ಕಲ್ಲಪ್ಪ ಕಳ್ಳನಲ್ಲ ಎಂದು ಮೂರು ಕೇರಿಯಲ್ಲೂ ತಮಟೆ ಬಡಿದು ಸಾರಿದರು. ತಮಟೆಯವನ ಹಿಂದೆಯೇ ಸುವರ್ಣಮ್ಮ ಮೂರು ಕೇರಿಯನ್ನೂ ಸುತ್ತಿದಳು. ಒಂದು ಮನೆಯ ಬಾಗಿಲನ್ನೂ ಬಿಡಲಿಲ್ಲ.

ತಿಂಗಳು ಕಳೆಯಿತು. ಹುಲಿಯಪ್ಪ ಮತ್ತೆ ಕೋಣೆಗೆ ಬಂದಾಗ ಅವನ ಹೆಗಲ ಮೇಲೆ ಶಾಲಿರಲಿಲ್ಲ.

"ಹೇಳಿದೆನಲ್ಲ! ಊರೆಲ್ಲರ ಮುಂದೆ ಹೇಳಿದೆ. ಯಾಕೆ ಹೋಗಿಲ್ಲ ಇದು?"

"ಯಾಕೆ ಹೋಗತ್ತೆ?" ಸುವರ್ಣಮ್ಮ ಕೈ ಒರೆಸಿಕೊಂಡು ಅವನ ಎದುರಿಗೆ ಬಂದು ನಿಂತಳು. ಈ ಮಾತನ್ನು ಅವಳು ಬಹಳ ದಿನದಿಂದ ಕಾದಿಟ್ಟಿದ್ದಳು. "ಅದು ಬರೀ ಕೊಬ್ಬು ಗೌಡ್ರೇ. ಏನೂ ಮಾಡಲ್ಲ. ಡಾಕ್ಟ್ರು ಮೊದಲನೇ ದಿನಾನೇ ಹೇಳಿದ್ರು, ಭಯವಿಲ್ಲ ಅಂತ. ನಾನು ನಿಮಗೆ ಮುಟ್ಟಿಸಲಿಲ್ಲ."

ಅವನು ಬೆಂಚಿನ ಮೇಲೆ ಕುಸಿದ. "ಏನೂ ಇಲ್ಲದ್ದಕ್ಕೆ ನಾನು ಎಲ್ಲ ಕಳ್ಕೊಂಡೆನೇನೇ?"

"ನನ್ನ ಗಂಡ ಇನ್ಯಾತಕ್ಕೆ ಕಳ್ಕೊಂಡದ್ದು?"

"ನೀನೂ ದೇವಿ ಹೆಸರಲ್ಲಿ ಸುಳ್ಳು ಹೇಳಿದೀಯ."

"ಹೇಳಿದೀನಿ. ಈ ಶುಕ್ರವಾರ ಹೋಗಿ ಅವಳ ಮುಂದೆ ಒಪ್ಪಿಕೊಳ್ತೀನಿ. ನಿಮ್ಮ ಹಾಗೆ ಎಂಟು ವರ್ಷ ಕೂರಲ್ಲ."

ಹುಲಿಯಪ್ಪ ಎದ್ದುಹೋಗಲಿಲ್ಲ. ಮರಳಿ ಮುಖ ತೋರಿಸಲು ಅವನಿಗೆ ಊರೇ ಇರಲಿಲ್ಲ. ಲಿಯಾಂಗ್ ಒಳಗಿನಿಂದ ಸೂಜಿಯ ತಟ್ಟೆ ಹಿಡಿದು ಬಂದು, ಹಳೆಯ ರೋಗಿಯನ್ನು ಕಂಡು ನಕ್ಕು, ಮಲಗೆಂದು ಬೆಂಚು ತಟ್ಟಿದ. ಹುಲಿಯಪ್ಪ ಬೋರಲು ಮಲಗಿದ. ನಾಲ್ಕನೆಯ ಸೂಜಿ ಇಳಿದಾಗ ಅವನ ಭುಜಗಳು ಕುಲುಕತೊಡಗಿದವು. ಲಿಯಾಂಗ್ ಕೈ ತಡೆದು, ಇವನಿಗೆ ನೋಯುತ್ತಿದೆಯೇ ಕೇಳು, ನೋಯುತ್ತಿದ್ದರೆ ನಿಲ್ಲಿಸುತ್ತೇನೆ ಎಂದ.

ಸುವರ್ಣಮ್ಮ ಕೇಳಲಿಲ್ಲ.

"ಇಲ್ಲವಂತೆ. ಇನ್ನೂ ಚುಚ್ಚಬಹುದಂತೆ" ಎಂದು ತಮಿಳಿನಲ್ಲಿ ಹೇಳಿದಳು. ಶುಕ್ರವಾರ ಒಪ್ಪಿಕೊಳ್ಳಬೇಕಾದದ್ದಕ್ಕೆ ಇದೂ ಒಂದು ಸೇರಿತು ಎಂದುಕೊಂಡು, ಲಿಯಾಂಗನಿಗೆ ಮುಂದಿನ ಸೂಜಿಯನ್ನು ಎತ್ತಿಕೊಟ್ಟಳು.